ನಮ್ಮನೆಯವರ ಕರೀ ಕಲ್ಲುಗಳು

ನಮ್ಮನೆಯವರಿಗೆ ನನ್ನನ್ನು ಕಟ್ಟಿಕೊಳ್ಳುವ ಮೊದಲೇ ಒಂದು ಸಂಸಾರ ಇತ್ತು. ಗಾಬರಿಯಾಗಬೇಡಿ, ಹೆಂಗಸಿನ ಜೊತೆಗಲ್ಲ, ಕಲ್ಲಿನ ಜೊತೆಗೆ. ನಮ್ಮ ಬಂದರಿನಿಂದ ಬೋಟಿನಲ್ಲಿ ಸ್ವಲ್ಪ ಹೊತ್ತು ಹೋದರೆ ಸಮುದ್ರದ ತಳದಲ್ಲಿ ಕರೀ ಕಲ್ಲುಗಳದ್ದೇ ಒಂದು ಊರಿದೆ. ಯಾವ ಕಾಲದಲ್ಲೋ ನಮ್ಮೂರಿನ ಬೆಟ್ಟ ಬಾಯಿಬಿಟ್ಟು ಲಾವಾ ಕಕ್ಕಿದಾಗ, ಅದು ಹರಿದು ಬಂದು ನೀರಿಗೆ ಬಿದ್ದು, ಬಿದ್ದ ಹಾಗೇ ಗಟ್ಟಿಯಾಗಿ ಕಂಬ, ಕಮಾನು, ಗವಿ ಅಂತ ನಿಂತುಬಿಟ್ಟಿದೆ. ಬೆಟ್ಟ ಈಗ ಪಾಪದ ಹಾಗೆ ಸುಮ್ಮನೆ ಕೂತಿದೆ. ಆದರೆ ಆ ಕಲ್ಲುಗಳನ್ನು ನೋಡೋಕೆ ಅಂತ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರನ್ನು ಕೆಳಗೆ ಕರೆದುಕೊಂಡು ಹೋಗಿ, ತೋರಿಸಿ, ಜೀವಸಹಿತ ವಾಪಸ್ ಮೇಲಕ್ಕೆ ತರೋದು ಇವರ ಕೆಲಸ. ಗೈಡು.

ನೋಡೋಕೆ ಏನೂ ಇಲ್ಲ. ಕುಳ್ಳು ಆಳು, ಎದೆ ಮಾತ್ರ ಬಾಗಿಲಷ್ಟು ಅಗಲ. ದಡದ ಮೇಲೆ ಇದ್ದಾಗ ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ. ಬಂಧುಗಳ ಮನೆಗೆ ಹೋದರೆ ಮೂಲೆ ಹಿಡಿದು ಕೂತುಬಿಡುತ್ತಾರೆ, ಮಾತಾಡುವ ಕಷ್ಟವೆಲ್ಲ ನನ್ನ ತಲೆಗೆ. ನನಗದು ಕಷ್ಟವೇನಲ್ಲ ಬಿಡಿ. ಆದರೆ ಯಾರಾದರೂ ಅಪ್ಪಿತಪ್ಪಿ ಸಮುದ್ರದ ಸುದ್ದಿ ಎತ್ತಿದರೋ, ಮುಗೀತು, ಊಟ ಆರಿ ತಣ್ಣಗಾಗುವವರೆಗೂ ಬಿಡುತ್ತಿರಲಿಲ್ಲ.

ಹುಡುಗನಾಗಿದ್ದಾಗ ಬಂದರಿನಲ್ಲಿ ಬೋಟು ತೊಳೆಯುತ್ತಿದ್ದರಂತೆ. ಒಂದು ದಿನ ಯಾರದೋ ಗಾಜಿನ ಮಾಸ್ಕ್ ನೀರಿಗೆ ಬಿತ್ತು, ಇವರು ಹಾರಿ ಹುಡುಕಿದರು. ಸಿಕ್ಕಿತು. ಸಿಕ್ಕಿದ್ದನ್ನು ಕೊಡೋ ಮುಂಚೆ ಹೇಗಿರುತ್ತೆ ನೋಡೋಣ ಅಂತ ಮುಖಕ್ಕೆ ಹಾಕಿಕೊಂಡು ಒಂದು ಸಲ ಕೆಳಗೆ ನೋಡಿದರಂತೆ. "ಅಷ್ಟೇ ಕಣೆ, ಅವತ್ತು ಕೆಳಗೆ ಹೋದೋನು ನಾನಿನ್ನೂ ಮೇಲೆ ಬಂದಿಲ್ಲ" ಅಂತ ನಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇದು ತಮಾಷೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ತಮಾಷೆ ಗಿಮಾಷೆ ಏನಿಲ್ಲ, ಮನುಷ್ಯ ನಿಜವನ್ನೇ ಹೇಳಿದ್ದ.

ನಾನು ದರ್ಜಿ. ಬಂದರಿನ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಪಕ್ಕ ನನ್ನ ಅಂಗಡಿ. ಎರಡು ಮೆಷಿನ್ನು, ಒಂದು ಇಸ್ತ್ರಿ ಮೇಜು, ನಿಂತರೆ ತಲೆಗೆ ತಾಗುವ ಫ್ಯಾನು. ಬೇರೆ ದರ್ಜಿಗಳು ಮುಟ್ಟದ ಒಂದು ಕೆಲಸ ನಾನು ಮಾಡುತ್ತೇನೆ. ನೀರಿಗಿಳಿಯುವವರು ಹಾಕಿಕೊಳ್ಳುವ ದಪ್ಪ ರಬ್ಬರಿನಂಥ ಸೂಟು ಹರಿದರೆ, ಅಂಟು ಹಾಕಿ, ಒಣಗಿಸಿ, ಅರ್ಧ ದಪ್ಪಕ್ಕೆ ಮಾತ್ರ ಸೂಜಿ ಇಳಿಸಿ ಹೊಲಿಯುತ್ತೇನೆ. ಪೂರ್ತಿ ಚುಚ್ಚಿದರೆ ತೂತಿನಲ್ಲಿ ನೀರು ಬರುತ್ತೆ. ಇವರು ಮೊದಲ ಸಲ ಬಂದದ್ದೇ ಎರಡು ಮಂಡಿ ಹರಿದ ಸೂಟು ಹಿಡಿದುಕೊಂಡು. "ಇದೇನು, ನಾಯಿ ಕಚ್ಚಿತಾ?" ಅಂದೆ. "ಕಲ್ಲು" ಅಂದರು. ಅವು ಅಂಥಿಂಥ ಕಲ್ಲಲ್ಲ, ಹೊಳೆಯ ಗುಂಡುಕಲ್ಲಿನ ಹಾಗೆ ನುಣುಪಿಲ್ಲ, ತುರಿಯುವ ಮಣೆಯ ಹಾಗೆ ಮೈಯೆಲ್ಲಾ ಹಲ್ಲು. ಹದಿನೈದು ದಿನಕ್ಕೊಮ್ಮೆ ಹರಿದುಕೊಂಡು ಬರತೊಡಗಿದರು. ಬೇಕೂಂತಲೇ ಉಜ್ಜಿಕೊಂಡು ಬರ್ತಿದ್ರಾ ಅಂತ ಮದುವೆಯಾದ ಮೇಲೆ ಕೇಳಿದೆ. ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಅದರ ಕಥೆ ಬೇರೆ, ಇಲ್ಲಿ ಬೇಡ. ಇಬ್ಬರೇ ಇದ್ದ ಮನೆಯಲ್ಲಿ ಊಟದ ಮೇಜೇ ಇವರಿಗೆ ಸಮುದ್ರದ ತಳ. ಲೋಟಗಳನ್ನು ಒಂದಕ್ಕೊಂದು ಅಂಟಿಸಿ ಬೋರಲು ಹಾಕಿ "ಇವು ಕಂಬ" ಅನ್ನುತ್ತಿದ್ದರು. ತಟ್ಟೆಯನ್ನು ಗೋಡೆಗೆ ಒರಗಿಸಿ "ಇದು ಕಮಾನು, ಮಧ್ಯಾಹ್ನ ಇದರೊಳಗಿಂದ ಬಿಸಿಲು ಬೀಳುತ್ತೆ". ಸೌಟು ನಿಲ್ಲಿಸಿ "ಇದು ಅತ್ತೆಮ್ಮ". ಅತ್ತೆಮ್ಮ ಅಂದರೆ ಒಂಟಿಯಾಗಿ ನಿಂತ ಒಂದು ಮೊನಚು ಕಲ್ಲು. ಅದರ ಬಿರುಕಿನಲ್ಲಿ ಒಂದು ಹಾವುಮೀನು ಇದೆ, ಹೋಗಿಬರುವವರನ್ನೆಲ್ಲ ನೋಡಿ ಬಾಯಿ ತೆರೆಯುವುದು, ಮುಚ್ಚುವುದು, ತೆರೆಯುವುದು, ಮುಚ್ಚುವುದು. ಗೈಡುಗಳು ಇಟ್ಟ ಹೆಸರು. ಇನ್ನೊಂದು ಕಡೆ ಕಲ್ಲಿನ ಸಂದಿಯಿಂದ ಇವತ್ತಿಗೂ ಬೆಚ್ಚಗೆ ನೀರು ಒಸರುತ್ತೆ, ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಅದಕ್ಕೆ ಒಲೆ ಅಂತ ಹೆಸರು. "ಅಲ್ಲಿ ಅಂಗೈ ಹಿಡಿದ್ರೆ ಬೆಟ್ಟ ಇನ್ನೂ ಉಸಿರಾಡ್ತಿದೆ ಅಂತ ಗೊತ್ತಾಗುತ್ತೆ ಕಣೆ" ಅನ್ನುವಾಗ ಇವರ ಮುಖ ನೋಡಬೇಕಿತ್ತು. ನನ್ನ ಕಡೆ ಯಾವತ್ತಾದರೂ ಹಾಗೆ ನೋಡಿದ್ದಾರಾ ಅಂತ ನನಗೆ ಹೊಟ್ಟೆಯುರಿ ಬರುತ್ತಿತ್ತು. ಹೌದು, ಕಲ್ಲಿನ ಮೇಲೆ ಹೊಟ್ಟೆಕಿಚ್ಚುಪಟ್ಟ ಹೆಂಗಸು ನಾನು. ನಗುವವರು ನಗಲಿ.

"ಒಂದು ದಿನ ಬಾ, ತೋರಿಸ್ತೀನಿ" ಅಂತ ಎಷ್ಟು ಸಲ ಕರೆದರೋ. ನನಗೆ ಸ್ನಾನದ ಮನೆಯಲ್ಲಿ ತಲೆಗೆ ಜಾಸ್ತಿ ನೀರು ಬಿದ್ದರೂ ಉಸಿರು ಕಟ್ಟುತ್ತೆ. ಮುಂದಿನ ವರ್ಷ ನೋಡೋಣ ಅಂತ ತಳ್ಳಿಕೊಂಡೇ ಬಂದೆ. ಇವರೂ ಬಲವಂತ ಮಾಡಲಿಲ್ಲ.

ಆಮೇಲೆ ಆ ಹಾಳು ದಿನ ಬಂತು.

ಬೋಟು ಓಡಿಸುವವನು ನನ್ನ ಸ್ವಂತ ತಮ್ಮ. ಅವತ್ತು ಬಂದವರನ್ನು ಇವರು ಬೆಳಿಗ್ಗೆ ಒಮ್ಮೆ, ಬಿಸಿಲೇರಿದ ಮೇಲೆ ಇನ್ನೊಮ್ಮೆ ಕೆಳಗಿಳಿಸಿ ಹತ್ತಿಸಿದ್ದರು. ಹೊರಡಬೇಕು ಅನ್ನುವಾಗ ಲಂಗರು ಬರಲಿಲ್ಲ. ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. "ಹಗ್ಗ ಕತ್ತರಿಸಿಬಿಡೋಣ ಭಾವ, ಲಂಗರು ಹೋದ್ರೆ ಹೋಗ್ಲಿ" ಅಂದನಂತೆ ತಮ್ಮ. ಅಲ್ಲೇ ಬಿಟ್ಟರೆ ಆ ಕಬ್ಬಿಣ ಅಲೆಗೆ ಅತ್ತಿತ್ತ ಹೊಡೆದು ಕಲ್ಲನ್ನು ಮುರಿಯುತ್ತೆ, ಅದರ ಮೇಲೆ ಬೆಳೆದದ್ದನ್ನೆಲ್ಲ ಕೆರೆದು ಹಾಕುತ್ತೆ. ಇವರ ಜೀವ ತಡೆಯಲಿಲ್ಲ. ಸಿಲಿಂಡರ್ ಬಿಚ್ಚಿ ಆಗಿತ್ತು. ಮತ್ತೆ ಯಾರು ಕಟ್ಟಿಕೊಳ್ಳೋದು ಅಂತ ಹಾಗೇ ಉಸಿರು ಬಿಗಿಹಿಡಿದು ಧುಮುಕಿದರು. ತಳಕ್ಕೆ ಹೋಗಿ ಎಳೆದಾಡಿ, ಉಸಿರು ಸಾಲದೆ ಬಾಣದ ಹಾಗೆ ಮೇಲೆ ಬಂದರು. ಒಂದೇ ಏಟಿಗೆ ಬಿಡಲಿಲ್ಲ ಅಂತ ಮತ್ತೆ ಹೋದರು, ಬಿಡಿಸಿ ಮತ್ತೆ ಹಾಗೇ ಬಂದರು.

ಬೇರೆ ಯಾರಿಗೂ ಇದರಲ್ಲಿ ತಪ್ಪೇನು ಅಂತ ಗೊತ್ತಾಗೋದಿಲ್ಲ. ಸಿಲಿಂಡರ್ ಕಟ್ಟಿಕೊಂಡು ಹೊತ್ತುಗಟ್ಟಲೆ ತಳದಲ್ಲಿದ್ದು ಬಂದವರ ರಕ್ತದಲ್ಲಿ ಗಾಳಿ ಕರಗಿ ಕೂತಿರುತ್ತಂತೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅದರ ಮೇಲೆ ಹೀಗೆ ಧುಮುಕಿ ಚಿಮ್ಮಿದರೆ ಅದೇ ಗಾಳಿ ಗುಳ್ಳೆಯಾಗಿ ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳುತ್ತೆ. ಹೊಸ ಗೈಡುಗಳಿಗೆ ಇದನ್ನು ಬಡಿದು ಬಡಿದು ಹೇಳುತ್ತಿದ್ದವರು ಇವರೇ. ಕಲ್ಲಿಗೆ ಪೆಟ್ಟಾಗುತ್ತೆ ಅನ್ನುವಾಗ ತನ್ನ ಪಾಠ ತಾನೇ ಮರೆತರು.

ಮನೆಗೆ ಬಂದವರು ಅಡುಗೆಮನೆ ಬಾಗಿಲಲ್ಲಿ ಒಂದು ಕಾಲೂರಿ, ಎತ್ತಿ, ಮತ್ತೆ ಊರಿ ನೋಡುತ್ತಿದ್ದರು. "ಏನ್ರೀ ಕುಣೀತಿದ್ದೀರಾ?" ಅಂದೆ. "ಎಡಗಾಲಿಗೆ ನೆಲ ತಣ್ಣಗಿರೋದು ಗೊತ್ತಾಗ್ತಿಲ್ಲ ಕಣೆ" ಅಂದರು.

ಆಸ್ಪತ್ರೆಯಲ್ಲಿ ಕಬ್ಬಿಣದ ಪೀಪಾಯಿಯಂಥ ಒಂದು ಕೋಣೆಯೊಳಗೆ ಮಲಗಿಸಿ, ಬಾಗಿಲು ಬಿಗಿದು, ಒಳಗಿನ ಗಾಳಿಯ ಒತ್ತಡ ಏರಿಸಿ ಇಳಿಸಿ ಮಾಡಿದರು. ದಿನಾ ಅದೇ. ನಾನು ಹೊರಗೆ ಗುಂಡಗಿನ ಗಾಜಿಗೆ ಮೂಗು ಒತ್ತಿ ನಿಂತಿರುತ್ತಿದ್ದೆ. ಇವರು ಒಳಗಿಂದ ಎಲ್ಲಾ ಸರಿಯಿದೆ ಅಂತ ಬೆರಳು ಮಡಚಿ ಸನ್ನೆ ಮಾಡುತ್ತಿದ್ದರು. ಸರಿಯಿರಲಿಲ್ಲ. ಕೊನೆಗೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಬೆನ್ನುಹುರಿಗೆ ಪೆಟ್ಟಾಗಿದೆ. ಕೋಲಿಲ್ಲದೆ ಓಡಾಡ್ತಿದ್ದೀರಿ, ಅದೇ ದೊಡ್ಡದು. ಇನ್ನು ಸಿಲಿಂಡರ್ ಕಟ್ಟಿ ನೀರಿಗಿಳೀಬಾರದು. ಇಳಿದ್ರೆ ಮುಂದಿನ ಸಲ ಎರಡೂ ಕಾಲು ಹೋಗಬಹುದು, ಜೀವಾನೇ ಹೋಗಬಹುದು." ನಾನು ಡಾಕ್ಟರಮ್ಮನ ಕೈ ಹಿಡಿದುಕೊಂಡು "ಇಳಿಯಲ್ಲ, ನಾನು ಬಿಡಲ್ಲ" ಅಂತ ಮಾತು ಕೊಟ್ಟು ಬಂದೆ.

ಇವರು ಕೆಲಸಕ್ಕಿದ್ದ, ಜನರನ್ನು ನೀರಿಗಿಳಿಸುವ ಅಂಗಡಿಯ ಓನರಮ್ಮ ಒಳ್ಳೆಯವಳು. ಗೈಡು ಕೆಲಸ ಹೋದರೂ ಇವರನ್ನು ಕೈಬಿಡಲಿಲ್ಲ, ಹಿಂದಿನ ಕೋಣೆಯಲ್ಲಿ ಸಿಲಿಂಡರಿಗೆ ಗಾಳಿ ತುಂಬುವ ಕೆಲಸ ಕೊಟ್ಟಳು. ಕಿವಿ ಕಿತ್ತುಹೋಗುವ ಹಾಗೆ ಬಡಿದುಕೊಳ್ಳುವ ಕಂಪ್ರೆಸರ್ ಪಕ್ಕ ಒಂದು ಸ್ಟೂಲು ಹಾಕಿಕೊಂಡು, ಬೇರೆಯವರು ಕೆಳಗೆ ಹೋಗಿ ಉಸಿರಾಡೋ ಗಾಳಿಯನ್ನು ಇವರು ತುಂಬಿ ಕಳಿಸುತ್ತಿದ್ದರು. ಸಂಜೆ ಬೋಟು ಬಂದಾಗ ಎಡಗಾಲು ಎಳೆದುಕೊಂಡು ಹೋಗಿ ಖಾಲಿ ಸಿಲಿಂಡರ್ ಇಳಿಸಿಕೊಳ್ಳುವರು. ಬಂದವರು ಅದು ನೋಡಿದೆ ಇದು ನೋಡಿದೆ ಅಂತ ಹೇಳಿಕೊಳ್ಳುವುದನ್ನು, ತಲೆ ಬಗ್ಗಿಸಿ, ಏನೋ ಉಜ್ಜುವವರ ಹಾಗೆ ಮಾಡುತ್ತಾ ಕೇಳಿಸಿಕೊಳ್ಳುವರು. ನಾನು ಒಂದೆರಡು ಸಲ ದೂರದಿಂದ ನೋಡಿ ಹಾಗೇ ಹಿಂದಕ್ಕೆ ಬಂದಿದ್ದೇನೆ.

ಒಂದು ಭಾನುವಾರ ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಕೂಗಿದರೆ ಉತ್ತರವಿಲ್ಲ. ಬಾಗಿಲು ತಳ್ಳಿ ನೋಡುತ್ತೇನೆ, ನೀರಿನ ಡ್ರಮ್ಮಿನೊಳಗೆ ಕುತ್ತಿಗೆವರೆಗೂ ತಲೆ ತೂರಿಸಿ ನಿಂತಿದ್ದಾರೆ! ಕೂದಲು ಹಿಡಿದು ಎಳೆದೆ. ಎಳೆದರೆ ಮುಖಕ್ಕೆ ಮಾಸ್ಕು. "ಏನ್ರೀ ಇದು, ಬುದ್ಧಿ ನೆಟ್ಟಗಿದೆಯಾ?" ಅಂತ ಕಿರುಚಿದೆ. "ಸುಮ್ನೆ ಕಣೆ" ಅಂತ ಬೈಸಿಕೊಂಡ ಮಗುವಿನ ಹಾಗೆ ನಿಂತರು. ಬಗ್ಗಿ ನೋಡಿದೆ. ಡ್ರಮ್ಮಿನ ತಳದಲ್ಲಿ ನಾವು ಹಿಮ್ಮಡಿ ಉಜ್ಜುವ ಕರೀ ತೂತುತೂತು ಕಲ್ಲು ಇಟ್ಟುಕೊಂಡಿದ್ದರು. ಬಯ್ಯೋಕೆ ಅಂತ ತೆರೆದ ಬಾಯಿ ಹಾಗೇ ಮುಚ್ಚಿದೆ. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಅವತ್ತಿಂದ ಶುರುವಾಯಿತು ರಾಗ. "ಒಂದೇ ಒಂದು ಸಲ ಕಣೆ. ಆಳಕ್ಕೆ ಹೋಗಲ್ಲ. ಒಂದು ಸಲ ನೋಡಿ ಬಂದುಬಿಡ್ತೀನಿ. ಆಮೇಲೆ ಮತ್ತೆ ಕೇಳೋದೇ ಇಲ್ಲ." ನಾನು ಒಲ್ಲೆ ಅಂದೆ. ಉಣ್ಣುವಾಗ ಒಂದೇ ಸಲ, ಬಟ್ಟೆ ಮಡಚುವಾಗ ಒಂದೇ ಸಲ, ನಾನು ಸೂಜಿಗೆ ದಾರ ಪೋಣಿಸುತ್ತಿದ್ದರೆ ಬೀದಿಯಿಂದ ಇಣುಕಿ ಒಂದೇ ಸಲ. "ನನ್ನ ಹೆಣದ ಮೇಲೆ ಹೋಗಿ" ಅಂತ ಬೀಗ ರಿಪೇರಿಯವನಿಗೂ ಕೇಳುವ ಹಾಗೆ ಹೇಳಿದೆ. ಇವರ ಮಾಸ್ಕು, ಬಾಯಿಗೆ ಕಚ್ಚುವ ನಳಿಕೆ, ಎಲ್ಲಾ ಗಂಟುಕಟ್ಟಿ ನನ್ನ ಅಂಗಡಿಯ ಅಟ್ಟದ ಮೇಲೆ ಹಳೇ ಬಟ್ಟೆಯ ಮೂಟೆಯೊಳಗೆ ತುರುಕಿದೆ. ಸಿಟ್ಟಿನಲ್ಲಿ ಇವರು ಎರಡು ದಿನ ಮಾತು ಬಿಟ್ಟರು. ಮಾತೇ ಆಡದ ಮನುಷ್ಯ ಮಾತು ಬಿಟ್ಟರೆ ಗೊತ್ತಾಗುವುದು ಹೇಗೆ ಹೇಳಿ? ನನಗೆ ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ ನನ್ನ ತಮ್ಮ ಅಂಗಡಿಗೆ ಬಂದು, ಕೂರದೆ, ಗುಂಡಿ ಡಬ್ಬಿಯಲ್ಲಿ ಕೈಯಾಡಿಸುತ್ತಾ ನಿಂತ.

"ಅಕ್ಕ, ಬೈಬೇಡ."

"ಬೈಯೋಂಥದ್ದೇ ಮಾಡಿರ್ತೀಯ. ಬೊಗಳು."

"ಬರೋ ಬುಧವಾರ ಬೋಟಿಗೆ ಗಿರಾಕಿ ಯಾರೂ ಇಲ್ಲ. ಭಾವ ಕರ್ಕೊಂಡು ಹೋಗು ಅಂದ್ರು. ನಿನಗೆ ಹೇಳಬೇಡ ಅಂದ್ರು. ಒಪ್ಕೊಂಡೆ. ಲಂಗರು ಸಿಕ್ಕಾಕಿಸಿದ್ದು ನಾನು ಅಕ್ಕ, ಅವರ ಮುಖ ನೋಡಿ ಇಲ್ಲ ಅನ್ನೋಕಾಗ್ಲಿಲ್ಲ. ಆದ್ರೆ ನಿದ್ದೇನೇ ಬರ್ತಿಲ್ಲ."

ಕೋಪ ನೆತ್ತಿಗೇರಿತು. ಹೊಲಿಯುತ್ತಿದ್ದ ಅಂಗಿಯನ್ನು ಸೂಜಿ ಸಮೇತ ಬಿಟ್ಟು, ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದರಿನ ತನಕ ಹೋದೆ. ಕಂಪ್ರೆಸರ್ ಕೋಣೆಯಲ್ಲಿ ಇವರು ಸ್ಟೂಲಿನ ಮೇಲೆ ಕೂತಿದ್ದರು. ಯಂತ್ರದ ಸದ್ದಿಗೆ ನಾನು ಬೈದದ್ದರಲ್ಲಿ ಅರ್ಧ ಕೇಳಿಸಲಿಲ್ಲ ಅಂತ ಕಾಣುತ್ತೆ, ಎದ್ದು ಸ್ವಿಚ್ ಆರಿಸಿದರು. ಆಗ ಬಾಕಿ ಅರ್ಧ ಪೂರ್ತಿ ಕೇಳಿಸಿತು, ಅವರಿಗೂ, ಹೊರಗೆ ನಿಂತವರಿಗೂ. ಕಳ್ಳತನ ಮಾಡ್ತೀರಾ? ನನ್ನ ತಮ್ಮನ ಕೈಲೇ ನನ್ನ ಮನೆ ಮುರಿಸ್ತೀರಾ? ಆ ಹಾಳು ಕಲ್ಲಲ್ಲಿ ಅಂಥಾದ್ದೇನಿದೆ?

ಇವರು ಎಲ್ಲಾ ಕೇಳಿದರು. ಆಮೇಲೆ ತಣ್ಣಗೆ ಹೇಳಿದರು: "ಏನಿದೆ ಅಂತ ನಿನಗೇನು ಗೊತ್ತು? ನೀನು ನೋಡೇ ಇಲ್ವಲ್ಲ. ಏನನ್ನ ಬಿಡು ಅಂತಿದ್ದೀಯ ಅಂತ ಗೊತ್ತಿಲ್ದೇನೇ ಬೇಡ ಬೇಡ ಅಂತೀಯ."

ನನಗೆ ಮಾತು ಹೊರಡಲಿಲ್ಲ. ನನಗೆ! ಇವರೇ ಮುಂದುವರಿಸಿದರು.

"ನೀನು ಒಂದು ಸಲ ಇಳಿದು ನೋಡು. ನೋಡಿ ಬಂದು ಬೇಡ ಅಂದ್ರೆ ಈ ಜನ್ಮದಲ್ಲಿ ಮತ್ತೆ ಕೇಳಲ್ಲ. ಹೋಗಿ ಅಂದ್ರೆ ಒಂದೇ ಸಲ ಹೋಗಿ ಬರ್ತೀನಿ. ನಿನ್ನ ಮಾತೇ ಕೊನೆ."

"ಮಾತು ಅಂದ್ರೆ ಮಾತಾ?"

"ಮಾತು."

ಇದಕ್ಕಿಂತ ಸುಲಭದ ಪಂದ್ಯ ಉಂಟಾ ಅಂದುಕೊಂಡೆ ನಾನು. ಕಣ್ಣು ಮುಚ್ಚಿ ಮುಳುಗಿ, ಕಣ್ಣು ಮುಚ್ಚಿ ಎದ್ದು, ಬೇಡ ಅಂದುಬಿಟ್ಟರೆ ಮನುಷ್ಯ ಜೀವಮಾನಕ್ಕೆ ಉಳಿದುಕೊಳ್ಳುತ್ತಾನೆ. ಒಪ್ಪಿದೆ. ಮನೆಗೆ ಬಂದು ಕೂತ ಮೇಲೆ, ನೀರಿಗಿಳಿಯಬೇಕಾದವಳು ನಾನು ಅನ್ನೋದು ತಲೆಗೆ ಹೋಯಿತು.

ಕಲಿಸಿದವಳು ಓನರಮ್ಮ. ನನ್ನದೇ ವಯಸ್ಸು, ನನ್ನ ಎರಡರಷ್ಟು ಮೈ. ಅವಳ ಅಂಗಡಿಯ ಹಿಂದೆ ಕಲಿಯುವವರಿಗೆ ಅಂತ ಒಂದು ಕೊಳ ಇದೆ, ಅದರಲ್ಲಿ ಆ ಹೆಂಗಸು ಹತ್ತಿಯ ಹಾಗೆ ತೇಲುತ್ತಿದ್ದಳು, ನಾನು ಇಸ್ತ್ರಿಪೆಟ್ಟಿಗೆಯ ಹಾಗೆ ಮುಳುಗುತ್ತಿದ್ದೆ. "ಬಾಯಲ್ಲಿ ನಳಿಕೆ ಕಚ್ಕೊಂಡ ಮೇಲೆ ಮಾತಾಡೋಹಾಗಿಲ್ಲ ಕಣೆ, ನಿನಗೆ ಅದೇ ದೊಡ್ಡ ಶಿಕ್ಷೆ" ಅಂತ ಗೇಲಿ ಬೇರೆ. ಮೊದಲ ದಿನ ಮೂಗಿಗೆ ನೀರು ಹೋಗಿ ಕೆಮ್ಮಿ ಕೆಮ್ಮಿ ಸತ್ತೆ. ಎರಡನೇ ದಿನ ಕಿವಿ ನೋವು. ಮೂಗು ಹಿಡಿದು ಊದಿದರೆ ಕಿವಿಯೊಳಗೆ ಟಪ್ ಅಂದು ನೋವು ಹೋಗುತ್ತೆ ಅಂತ ಗೊತ್ತಾಗುವುದಕ್ಕೇ ಒಂದು ವಾರ. ಆ ವಾರವೆಲ್ಲ ನಮ್ಮನೆಯವರು ಕೊಳದ ಅಂಚಿನಲ್ಲಿ ನಿಂತು "ಮೆಲ್ಲಗೆ, ಮೆಲ್ಲಗೆ, ಉಸಿರು ಹಿಡೀಬೇಡ" ಅನ್ನುತ್ತಿದ್ದರು. ಇವರಿಗೆ ಇಷ್ಟು ಮಾತು ಎಲ್ಲಿತ್ತೋ. ನನ್ನ ಅಳತೆಗೆ ಒಂದು ಸೂಟನ್ನು ನಾನೇ ಬಿಚ್ಚಿ ಹೊಲಿದುಕೊಂಡೆ, ಸೊಂಟದಲ್ಲಿ ಪಟ್ಟಿ ಕೊಟ್ಟು. ಕನ್ನಡಿಯಲ್ಲಿ ನೋಡಿಕೊಂಡರೆ ದಿಂಬಿಗೆ ಗವಸು ಹಾಕಿದ ಹಾಗಿತ್ತು. ಇವರು ಬಾಯಿ ಮುಚ್ಚಿಕೊಂಡು ನಕ್ಕರು. ಆ ಲಂಗರಿನ ದಿನದಿಂದ ಈಚೆಗೆ ಅವರು ನಕ್ಕಿದ್ದು ಅದೇ ಮೊದಲು.

ನಾವು ಹೋದ ದಿನ ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗಿತ್ತು. ಬೋಟಿನಲ್ಲಿ ನಾವು ನಾಲ್ಕೇ ಜನ. ತಮ್ಮ ನನ್ನ ಮುಖ ನೋಡಲಾರದೆ ಇಂಜಿನ್ ನೋಡುತ್ತಿದ್ದ. ನಮ್ಮನೆಯವರು ನನ್ನ ಬೆನ್ನಿಗೆ ಸಿಲಿಂಡರ್ ಕಟ್ಟಿ, ಪ್ರತಿ ಬಕಲ್ಲೂ ಎಳೆದೆಳೆದು ನೋಡಿ, ಮಾಸ್ಕಿನೊಳಗೆ ಸಿಕ್ಕಿದ್ದ ಕೂದಲನ್ನು ಹೊರಗೆ ಸರಿಸಿದರು. "ಹೋಗಿ ಬಾ" ಅಂದರು. ಓನರಮ್ಮ ಕೈ ಹಿಡಿದುಕೊಂಡಳು. ಇಬ್ಬರೂ ನೀರಿಗೆ ಬಿದ್ದೆವು.

ಕಣ್ಣು ಮುಚ್ಚಿಕೊಂಡೇ ಇರಬೇಕು ಅಂತ ಇದ್ದೆ. ಆದರೆ ಕಿವಿ ಊದಬೇಕು, ಹಗ್ಗ ಹಿಡಿಯಬೇಕು, ಎಷ್ಟು ಹೊತ್ತು ಮುಚ್ಚಿರಲಿ? ತೆರೆದೆ.

ಅಯ್ಯೋ ದೇವರೇ.

ನನ್ನ ಕಾಲ ಕೆಳಗೆ ಕಂಬಗಳು. ಜವಳಿ ಅಂಗಡಿಯಲ್ಲಿ ಕರೀ ಬಟ್ಟೆಯ ಥಾನುಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ, ಒಂದೊಂದು ಒಂದೊಂದು ಎತ್ತರ, ಅಂಚು ಕತ್ತರಿಸಿದಷ್ಟು ನೇರ. ಅವುಗಳ ಮೇಲೆ ಹಳದಿ, ನೇರಳೆ, ಕೇಸರಿ ಏನೇನೋ ಬೆಳೆದು ಮೆಲ್ಲಗೆ ಆಡುತ್ತಿತ್ತು. ನೀರು ಸ್ನಾನಕ್ಕೆ ಹದ ಮಾಡಿದಷ್ಟು ಬೆಚ್ಚಗೆ. ಸಣ್ಣ ನೀಲಿ ಮೀನುಗಳು ಗುಂಪಾಗಿ ಬಂದು ನಮ್ಮ ಆಚೆ ಈಚೆ ಎರಡು ಪಾಲಾಗಿ ದಾಟಿ ಮುಂದೆ ಒಂದಾದವು. ಕಮಾನಿನೊಳಗಿಂದ ಬಿಸಿಲು ಓರೆಯಾಗಿ ಬಿದ್ದಿತ್ತು, ಓನರಮ್ಮ ಅದರೊಳಗೆ ನನ್ನ ಕೈಹಿಡಿದು ನಡೆಸಿಕೊಂಡು ಹೋದಳು. ಅತ್ತೆಮ್ಮನ ಬಿರುಕಿನಿಂದ ಹಾವುಮೀನು ತಲೆ ಹಾಕಿ ನನ್ನನ್ನು ನೋಡಿ ಬಾಯಿ ತೆರೆದು ಮುಚ್ಚಿತು. ನಗು ಬಂದು ಮಾಸ್ಕಿಗೆ ನೀರು ಹೊಕ್ಕಿತು.

ಒಲೆಯ ಹತ್ತಿರ ನನ್ನ ಅಂಗೈ ಹಿಡಿಸಿದಳು. ಬೆಚ್ಚಗೆ, ಮಗುವಿನ ಉಸಿರು ತಾಕಿದ ಹಾಗೆ. ಗುಳ್ಳೆಗಳು ಬೆರಳ ಸಂದಿಯಲ್ಲಿ ಕಚಗುಳಿಯಿಟ್ಟು ಮೇಲಕ್ಕೆ ಹೋದವು. ಆಗ ಒಂದು ವಿಷಯ ಗೊತ್ತಾಯಿತು. ಮೆಷಿನ್ನಿನ ಮುಂದೆ ಕೂತೂ ಕೂತೂ ನನ್ನ ಸೊಂಟದಲ್ಲಿ ಮನೆಮಾಡಿದ್ದ ನೋವು, ಏಳುವಾಗ ಕೂರುವಾಗ ಅಮ್ಮಾ ಅನ್ನಿಸುವ ನೋವು, ಇರಲಿಲ್ಲ. ಮೈಗೆ ಭಾರವೇ ಇರಲಿಲ್ಲ. ನಾನು ಮಲಗಿದ್ದೆನೋ ನಿಂತಿದ್ದೆನೋ ಅದೂ ತಿಳಿಯುತ್ತಿರಲಿಲ್ಲ. ಇಲ್ಲಿ ಯಾರಿಗೂ ಕಾಲು ಎಳೆಯಬೇಕಾಗಿಲ್ಲ ಅಂತ ಹೊಳೆಯಿತು. ಅವರು ಇಲ್ಲಿಗೆ ಬಂದರೆ ಎಡಗಾಲೂ ಬಲಗಾಲೂ ಒಂದೇ. ಇಷ್ಟು ವರ್ಷ ಮೇಜಿನ ಮೇಲೆ ಲೋಟ ಜೋಡಿಸಿ ಜೋಡಿಸಿ ಹೇಳಿದ್ದನ್ನು ಆಕಳಿಸಿಕೊಂಡು ಕೇಳಿದವಳು ನಾನು.

ಓನರಮ್ಮ ಮೇಲೆ ಹೋಗೋಣ ಅಂತ ಸನ್ನೆ ಮಾಡಿದಳು. ನಾನು ತಲೆಯಾಡಿಸಿದೆ, ಇಲ್ಲ. ಮತ್ತೆ ಮಾಡಿದಳು. ಇನ್ನೂ ಸ್ವಲ್ಪ ಹೊತ್ತು ಅಂತ ಕೈ ಮುಗಿದೆ. ಕೊನೆಗೆ ಸಿಲಿಂಡರಿನ ಪಟ್ಟಿ ಹಿಡಿದು ಎಳೆದುಕೊಂಡೇ ಹೊರಟಳು.

ಮೇಲೆ ಹೋಗುವ ಮುಂಚೆ ಬೋಟಿನ ಕೆಳಗೆ ಹಗ್ಗ ಹಿಡಿದು ಸ್ವಲ್ಪ ಹೊತ್ತು ನಿಲ್ಲಲೇಬೇಕು, ಮೈಯೊಳಗಿನ ಗಾಳಿ ಹೋಗಲಿ ಅಂತ. ಅಲ್ಲಿ ನೇತಾಡಿಕೊಂಡು ತಲೆಯೆತ್ತಿ ನೋಡಿದೆ. ಬೋಟಿನ ಹೊಟ್ಟೆ ಕಾಣುತ್ತಿತ್ತು. ಅದರ ಅಂಚಿನಾಚೆ ಒಂದು ನೆರಳು ಬಗ್ಗಿತ್ತು, ಅಲ್ಲಾಡದೆ. ನನಗೆ ಗೊತ್ತು ಅದು ಯಾರು ಅಂತ. ಏನು ಹೇಳಲಿ? ಹೋಗಲಿ ಪಾಪ, ಒಂದು ಸಲ ಬಂದು ಹೋಗಲಿ ಅಂದುಕೊಂಡೆ. ಒಂದೇ ಸಲಕ್ಕೆ ಏನಾಗಿಬಿಡುತ್ತೆ? ಇಂಥಾದ್ದನ್ನು ಒಬ್ಬ ಮನುಷ್ಯನಿಂದ ಕಿತ್ತುಕೊಳ್ಳೋಕೆ ನಾನ್ಯಾರು? ಹೋಗಿ ಅಂದುಬಿಡುತ್ತೇನೆ ಅಂತಲೇ ತೀರ್ಮಾನ ಮಾಡಿದೆ. ಹಾಗೆ ತೀರ್ಮಾನ ಮಾಡುತ್ತಿದ್ದ ಹೊತ್ತಿನಲ್ಲೇ ಮನಸ್ಸಿನ ಇನ್ನೊಂದು ಮೂಲೆ ಏನೋ ಹೊಂಚುಹಾಕುತ್ತಿತ್ತು. ಏನದು ಅಂತ ನೋಡಿದರೆ, ಶಾಲೆ ಮಕ್ಕಳ ಸಮವಸ್ತ್ರದ ಕೆಲಸ ಮುಗಿಸಿದ ಮೇಲೆ ಮತ್ತೆ ಯಾವತ್ತು ಇಳಿಯಬಹುದು, ಓನರಮ್ಮನಿಗೆ ಏನು ನೆಪ ಹೇಳಬಹುದು ಅಂತ. ಹಗ್ಗ ಹಿಡಿದ ಕೈ ಬಿಗಿಯಾಯಿತು.

ಮೇಲೆ ಬಂದೆವು. ಏಣಿ ಹತ್ತಿದ ಕೂಡಲೇ ಮೈಯ ಭಾರವೆಲ್ಲ ವಾಪಸ್ ಬಂದು ಸೊಂಟ ಹಿಡಿಯಿತು. ನಮ್ಮನೆಯವರು ಸಿಲಿಂಡರ್ ಬಿಚ್ಚಿ ಕೆಳಗಿಟ್ಟರು. ನನ್ನ ಮುಖವನ್ನೇ ನೋಡುತ್ತಾ ಎದುರಿಗೆ ಕೂತರು.

"ನೋಡಿದ್ಯಾ?"

"ನೋಡಿದೆ."

"ಒಲೆಗೆ ಕೈ ಹಿಡಿದ್ಯಾ?"

"ಹಿಡಿದೆ. ಎಲ್ಲಾ ನೋಡಿದೆ ರೀ."

"ಹೇಗಿತ್ತು?"

ಬರೀ ಕಲ್ಲು ಕಣ್ರೀ ಅಂತ ಒಂದು ಸುಳ್ಳು ಹೇಳಬಹುದಿತ್ತು. ಮನೆಯಿಂದ ಹೊರಡುವಾಗ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನಾಲಿಗೆ ಏಳಲಿಲ್ಲ.

"ನಿಮಗೆ ಹೇಳೋಕೇ ಬರಲ್ಲ" ಅಂದೆ. "ಇಷ್ಟು ವರ್ಷ ನೀವು ಹೇಳಿದ್ದು ಅದರಲ್ಲಿ ಕಾಲುಭಾಗವೂ ಅಲ್ಲ."

ಅವರ ಮುಖ ಅರಳಿಬಿಟ್ಟಿತು. ಕಣ್ಣಲ್ಲಿ ನೀರು ಬಂತು. "ಹಾಗಾದ್ರೆ?" ಅಂದರು.

"ಬೇಡ."

ಇಂಜಿನ್ ಹತ್ತಿರ ತಮ್ಮ ಬೆನ್ನು ತಿರುಗಿಸಿದ. ಓನರಮ್ಮ ಬಗ್ಗಿ ಏನೋ ಹುಡುಕುವವಳ ಹಾಗೆ ಮಾಡಿದಳು. ನನಗೆ ಅಳು ಒತ್ತರಿಸಿ ಬಂತು, ಅಳುತ್ತಲೇ ಹೇಳಿದೆ.

"ಒಂದೇ ಸಲ ಒಂದೇ ಸಲ ಅಂತಿದ್ರಿ. ಹಗ್ಗ ಹಿಡ್ಕೊಂಡು ನಾನೂ ಅಂದುಕೊಂಡೆ ರೀ, ಹೋಗ್ಲಿ ಒಂದು ಸಲ ಅಂತ. ಆದ್ರೆ ಇನ್ನೂ ಮೇಲೆ ಬಂದೇ ಇರಲಿಲ್ಲ, ಆಗಲೇ ಮತ್ತೆ ಯಾವಾಗ ಇಳೀಲಿ ಅಂತ ಯೋಚನೆ ಮಾಡ್ತಿದ್ದೆ. ನಾನು! ನೀರು ಕಂಡ್ರೆ ಓಡೋಳು. ಅಲ್ಲಿಗೆ ಒಂದೇ ಸಲ ಅನ್ನೋದು ಯಾರ ಕೈಲೂ ಆಗಲ್ಲ. ನಿಮ್ಮ ಕೈಲಂತೂ ಆಗಲ್ಲ. ನೀವು ಇಳಿದ್ರೆ ನನಗೆ ವಾಪಸ್ ಸಿಗಲ್ಲ."

ಬೋಟು ಅತ್ತಿತ್ತ ತೂಗುತ್ತಿತ್ತು. ಬೈತಾರೆ ಅಂದುಕೊಂಡೆ, ಬೈಯಲಿ ಅಂತಲೂ ಅಂದುಕೊಂಡೆ. ಅವರು ಕೈ ಚಾಚಿ ನನ್ನ ಮುಖದ ಮೇಲೆ ಉಳಿದಿದ್ದ ಮಾಸ್ಕಿನ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಸರಿ" ಅಂದರು. ಆಮೇಲೆ, "ನೀನಾದ್ರೂ ಹೋಗ್ತಿರು. ನಿನಗೇನಾಗಿದೆ? ಓನರಮ್ಮ ಕರ್ಕೊಂಡು ಹೋಗ್ತಾರೆ."

"ನಿಮ್ಮನ್ನ ಮೇಲೆ ಕೂರಿಸಿ ನಾನು ಇಳೀಲಾ? ಆಗಲ್ಲ."

"ಆಸೆ ಇಲ್ವಾ?"

"ಇದೆ. ಜೀವ ಹೋಗೋಷ್ಟು ಇದೆ."

ಅವರು ಪಕ್ಕಕ್ಕೆ ಸರಿದು ಜಾಗ ಮಾಡಿ, "ಹಾಗಾದ್ರೆ ಬಾ ಇಲ್ಲಿ" ಅಂದರು. ಎದ್ದು ಹೋಗಿ ಕೂತೆ. ಇಬ್ಬರೂ ಬೋಟಿನ ಅಂಚಿಗೆ ಮೊಣಕೈಯೂರಿ ಕೆಳಗೆ ನೋಡಿದೆವು. ಮೇಲಿನಿಂದ ಏನೂ ಕಾಣುವುದಿಲ್ಲ, ಬರೀ ನೀರು.